ಜಾವಾದಲ್ಲಿ ಕನ್ನಡ ಪಠ್ಯ

ಜಾವಾ ಭಾಷೆಯ ತಂತ್ರಾಂಶಗಳಲ್ಲಿ ಕನ್ನಡ ಬರಹವನ್ನು ಸಂಗ್ರಹಿಸುವ, ಹೋಲಿಸುವ, ವಿಂಗಡಿಸುವ ವಿಧಾನಗಳ ಸಮೂಹ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವನ್ನು ನೀಡಿತು. 1996ರಲ್ಲಿ ಬಿಡುಗಡೆಯಾದ ಜಾವಾ ಆರಂಭದಿಂದಲೇ ಯೂನಿಕೋಡನ್ನು ಆಧರಿಸಿತು. ಆದರೂ ಪದದ ಉದ್ದದ ಲೆಕ್ಕ ಓದುಗನ ಅಕ್ಷರಗಣನೆಗೆ ಹೊಂದುವುದಿಲ್ಲ. ಮಂಗಳೂರಿನ ಬಡಾವಣೆಯ ಹೆಸರಾದ ‘ಕಂಕನಾಡಿ’ ಕಣ್ಣಿಗೆ ನಾಲ್ಕು ಅಕ್ಷರ. ಅನುಸ್ವಾರ, ಸ್ವರಚಿಹ್ನೆಗಳು ಬೇರೆಬೇರೆ ಸಂಕೇತಗಳಾದ್ದರಿಂದ ಜಾವಾ ಸ್ಟ್ರಿಂಗ್‌ನಲ್ಲಿ ಅದರ ಉದ್ದ 7, ಯುಟಿಎಫ್-8 ಕಡತದಲ್ಲಿ 21 ಬೈಟ್. ಪದವನ್ನು ಸಂಕೇತದ ಲೆಕ್ಕದಲ್ಲಿ ತುಂಡರಿಸಿದರೆ ಗುಣಿತ ಕಳಚುತ್ತದೆ. ಅಕ್ಷರದ ಗಡಿ ಗುರುತಿಸಲು ಬ್ರೇಕ್‌ಇಟರೇಟರ್ ಎಂಬ ವರ್ಗವಿದೆ.

ಹೋಲಿಕೆಯ ತೊಡಕು ಇದಕ್ಕಿಂತ ಸೂಕ್ಷ್ಮ. ‘ಕೊಟ್ಟಾರ’ದ ಒಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎಕಾರ, ಊಕಾರ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಈಕ್ವಲ್ಸ್ ವಿಧಾನಕ್ಕೆ ಬೇರೆ. ಆದ್ದರಿಂದ ದತ್ತಸಂಚಯಕ್ಕೆ ಸೇರಿಸುವ ಮೊದಲೇ ನಾರ್ಮಲೈಜರ್ ವರ್ಗದಿಂದ ಎನ್‌ಎಫ್‌ಸಿ ರೂಪಕ್ಕೆ ತರುವುದೂ, ಜೆಯೂನಿಟ್ ಪರೀಕ್ಷೆಗಳಲ್ಲಿ ಎರಡೂ ರೂಪಗಳನ್ನು ಇಡುವುದೂ ಒಳ್ಳೆಯ ರೂಢಿ. ಅಂಕಿಗಳ ವಿಷಯದಲ್ಲಿ ಭಾಷೆ ಅಚ್ಚರಿ ಎನಿಸುವಷ್ಟು ಉದಾರ: ಪಾರ್ಸ್‌ಇಂಟ್ ‘೧೬೦’ ಎಂಬುದನ್ನು ನೇರವಾಗಿ 160 ಎಂದೇ ಓದುತ್ತದೆ.

ಕನ್ನಡ ಅಕಾರಾದಿ ವಿಂಗಡಣೆಗೆ ಐಸಿಯು4ಜೆ ಗ್ರಂಥಾಲಯ ಬಳಕೆಯಲ್ಲಿದೆ. ಇದನ್ನು 2016ರಿಂದ ಯೂನಿಕೋಡ್ ಒಕ್ಕೂಟ ನೋಡಿಕೊಳ್ಳುತ್ತಿದೆ. ಅನುವಾದಿತ ಸಂದೇಶಗಳ ಪ್ರಾಪರ್ಟೀಸ್ ಕಡತಗಳಲ್ಲಿ ಮೊದಲು ಪ್ರತಿ ಕನ್ನಡ ಸಂಕೇತವನ್ನೂ ಹದಿನಾರಂಕಿ ರೂಪದಲ್ಲಿ ಬರೆಯಬೇಕಿತ್ತು, ಅಂಥ ಕಡತವನ್ನು ತಿದ್ದುವುದು ಪ್ರಯಾಸದ ಕೆಲಸ. 2017ರ ಜಾವಾ 9 ಈ ಕಡತಗಳಲ್ಲಿ ಯುಟಿಎಫ್-8 ಬಳಕೆಗೆ ಅವಕಾಶ ಕೊಟ್ಟಿತು. 2022ರ ಜಾವಾ 18ರಿಂದ ಯುಟಿಎಫ್-8 ಪೂರ್ವನಿಯೋಜಿತ ಸಂಕೇತನವಾಯಿತು.