ಬಂಡೀಪುರದ ಕಾಡು ಮತ್ತು ಅದರ ಕಾವಲು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟು, ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯ ಕಡೆಗೆ ಸಾಗುವ ಪ್ರಯಾಣಿಕನಿಗೆ ಮೊದಲು ಹೊಲಗಳೂ, ಅನಂತರ ಕುರುಚಲು ಗುಡ್ಡಗಳೂ, ಕಟ್ಟಕಡೆಗೆ ನೀಲಗಿರಿಯ ಪರ್ವತರೇಖೆಯೂ ಕಾಣುವುವು. ಆ ಬಯಲಿಗೂ ಈ ಪರ್ವತಕ್ಕೂ ನಡುವೆ ಹಬ್ಬಿರುವುದೇ ಬಂಡೀಪುರದ ಅರಣ್ಯ. ಇದು ಹುಲಿ ಆನೆಗಳ ಬೀಡೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಕಾಡು ತಾನಾಗಿಯೇ ಉಳಿದುದಲ್ಲ. ಕಾಲಕಾಲಕ್ಕೆ ಬೇರೆ ಬೇರೆ ಉದ್ದೇಶಗಳಿಂದ ಜನರು ಇದನ್ನು ಕಾದುದರಿಂದ ಉಳಿದಿದೆ. ಆ ಕಾವಲಿನ ಇತಿಹಾಸವೇ ಈ ದಿನದ ನಮ್ಮ ವಿಷಯ.

ಈ ಪ್ರದೇಶಕ್ಕೆ ಮುಕುಟಪ್ರಾಯವಾಗಿರುವುದು ಹಿಮವದ್ಗೋಪಾಲಸ್ವಾಮಿ ಬೆಟ್ಟ. ಅದರ ಎತ್ತರ 1,454 ಮೀಟರು. ಶಿಖರವನ್ನು ಆಗಾಗ ಮುಸುಕುವ ಮಂಜೇ ಆ ಹೆಸರಿಗೆ ಕಾರಣ. ಮೇಲಿರುವ ವೇಣುಗೋಪಾಲನ ಗುಡಿ ಹೊಯ್ಸಳರ ಕಾಲದ್ದೆಂದು ಪ್ರತೀತಿ. ಕಾಡಿನ ದಕ್ಷಿಣದಲ್ಲಿ ಮೋಯಾರು, ವಾಯವ್ಯದಲ್ಲಿ ಕಬಿನಿ, ಒಳಗೆ ನುಗು ನದಿಗಳು ಹರಿಯುವುವು. ಪಶ್ಚಿಮಕ್ಕೆ ಮಳೆ ಹೆಚ್ಚು, ಪೂರ್ವಕ್ಕೆ ಕಡಿಮೆ. ತೇಗ, ಬೀಟೆ, ಮತ್ತಿ, ದಿಂಡಿಗಗಳು ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುತ್ತವೆ. ಆಗ ನೀರನ್ನರಸಿ ಆನೆಗಳ ಹಿಂಡುಗಳು ಕಬಿನಿಯ ಕಡೆಗೆ ಸರಿಯುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರದ ದೃಷ್ಟಿಗೆ ಕಾಡೆಂದರೆ ಮರಮುಟ್ಟು ಮತ್ತು ಆನೆ. 1874ರಲ್ಲಿ ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ಚಾಮರಾಜನಗರದ ಸಮೀಪದಲ್ಲಿ ಖೆಡ್ಡಾ ನಡೆಯಿಸಿ ಕಾಡಾನೆಗಳ ಹಿಂಡನ್ನೇ ಸೆರೆಹಿಡಿದನು. ಮುಂದೆ ಈ ಅರಣ್ಯವು ಮೈಸೂರಿನ ಅರಸರ ಮೃಗಯಾವಿನೋದದ ನೆಲೆಯಾಯಿತು. ಬೇಟೆಗಾಗಿ ಮೃಗಗಳನ್ನು ಉಳಿಸುವುದು ವಿಚಿತ್ರವಾಗಿ ತೋರಬಹುದು. ಆದರೆ ಅನ್ಯರ ಕೊಡಲಿಯನ್ನೂ ಕೋವಿಯನ್ನೂ ತಡೆದುದು ಆ ನಿರ್ಬಂಧವೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1931ರಲ್ಲಿ, ಸುಮಾರು 90 ಚದರ ಕಿಲೋಮೀಟರು ಕಾಡನ್ನು ಮೃಗಗಳ ರಕ್ಷಣೆಗೆಂದು ಮೀಸಲಿಡಲಾಯಿತು. ಬೆಟ್ಟದ ದೇವರ ಹೆಸರಿನಿಂದಲೇ ಅದು ವೇಣುಗೋಪಾಲ ವನ್ಯಮೃಗೋದ್ಯಾನವೆನಿಸಿತು. 1941ರಲ್ಲಿ ಅದರ ಎಲ್ಲೆ ಬಹುವಾಗಿ ವಿಸ್ತರಿಸಿತು.

ಸ್ವಾತಂತ್ರ್ಯಾನಂತರ ಕಾವಲಿನ ಉದ್ದೇಶವೇ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬೆನ್ನಲ್ಲೇ, 1973ರಲ್ಲಿ, ಭಾರತದ ಮೊದಲ ಒಂಬತ್ತು ಹುಲಿ ರಕ್ಷಿತಾರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು. 1986ರಲ್ಲಿ ನೀಲಗಿರಿ ಜೀವಿಗೋಳ ಪ್ರದೇಶದಲ್ಲಿ ಸೇರಿತು. ನಾಗರಹೊಳೆ, ಮುದುಮಲೆ, ವಯನಾಡುಗಳೊಡನೆ ಕೂಡಿಕೊಂಡಿರುವುದೇ ಇದರ ಬಲ. ಆನೆಗೆ ರಾಜ್ಯಗಳ ಗಡಿಯಿಲ್ಲ. 2022ರ ಗಣತಿಯಂತೆ ಇಲ್ಲಿ 150 ಹುಲಿಗಳಿದ್ದವು.

ಈ ಯಶಸ್ಸಿನ ಬೆಲೆಯನ್ನು ತೆತ್ತವರಾರೆಂಬುದನ್ನು ನಾವು ಮರೆಯಬಾರದು. ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು ಈ ಅರಣ್ಯಗಳ ಹಳೆಯ ನಿವಾಸಿಗಳು. ಹುಲಿ ಯೋಜನೆಯ ಕಾಲದಲ್ಲಿ ಅನೇಕ ಕುಟುಂಬಗಳು ಕಾಡಿನ ಅಂಚಿಗೆ ಬಂದು ನೆಲಸಬೇಕಾಯಿತು. ಅವರಂತಹವರ ಹಕ್ಕನ್ನು ಶಾಸನವು ಸ್ಪಷ್ಟವಾಗಿ ಅಂಗೀಕರಿಸಿದುದು 2006ರಲ್ಲಿ. ಕಾಡಂಚಿನ ರೈತನಾದರೋ ಆನೆಗೆ ಹೆದರಿ ಇಂದಿಗೂ ರಾತ್ರಿಯಿಡೀ ಬೆಳೆಯನ್ನು ಕಾಯುತ್ತಾನೆ. ನಗರವಾಸಿಗಳಾದ ನಮಗೆ ಅಂತಹ ಕಷ್ಟವೊಂದೂ ಇಲ್ಲ.

ಅಪಾಯಗಳೂ ರೂಪಾಂತರ ಹೊಂದಿವೆ. ಅಲಂಕಾರಕ್ಕೆಂದು ಹೊರದೇಶದಿಂದ ತಂದ ಲಂಟಾನವು ಹುಲ್ಲನ್ನು ಅಡಗಿಸಿ ಎಲ್ಲೆಡೆ ಹಬ್ಬಿದೆ; ಒಣಗಿದಾಗ ಅದು ಬೆಂಕಿಗೆ ಸೌದೆಯಾಗುತ್ತದೆ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಸಾವಿರಾರು ಎಕರೆ ಕಾಡು ಉರಿಯಿತು. ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಹೆದ್ದಾರಿಗಳಲ್ಲಿ ಮೃಗಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದರಿಂದ, 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಇದರಿಂದ ವ್ಯಾಪಾರಕ್ಕೆ ತೊಡಕೆಂಬ ದೂರು ಪದೇ ಪದೇ ಕೇಳಿಬರುತ್ತದೆ.

ಅರಸನ ಕಾಲದಲ್ಲಿ ನಿರ್ಬಂಧವು ಪ್ರಜೆಗಳ ಮೇಲಿತ್ತು. ಅನಂತರ ಅದು ಗಿರಿಜನರ ಮೇಲೆ ಬಿದ್ದಿತು. ಈಗ ಮೊದಲ ಬಾರಿಗೆ ಅದರ ಒಂದು ಸಣ್ಣ ಪಾಲು ನಮ್ಮ ಪಾಲಿಗೆ ಬಂದಿದೆ. ಒಂಬತ್ತು ಗಂಟೆ ಕಾಲ ರಸ್ತೆಯನ್ನು ಕಾಡಿಗೆ ಬಿಟ್ಟುಕೊಡುವುದು ಮನೆಯನ್ನೇ ಬಿಟ್ಟುಕೊಟ್ಟವರ ಮುಂದೆ ದೊಡ್ಡ ತ್ಯಾಗವೇನಲ್ಲ. ತನಿಖಾಠಾಣೆಯ ಬಾಗಿಲು ಮುಚ್ಚಿದಾಗ ನಾವು ಇದನ್ನು ನೆನೆದುಕೊಂಡರೆ ಸಾಕು.