ಗುಜರಿಯಿಂದ ಉಗಿಬಂಡಿ: ಎಲ್ಲವೂ ಹಳೆಯದಾಗಬಹುದು, ಬಾಯ್ಲರ್ ಹೊರತು

ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ತನ್ನದೇ ಉಗಿಯ ಬಲದಿಂದ ಓಡುತ್ತ ಬೆನ್ನ ಹಿಂದೆ ಹತ್ತಾರು ಜನರನ್ನು ಎಳೆದೊಯ್ಯುವ ಪುಟ್ಟ ರೈಲು ಎಂಜಿನ್ನನ್ನು ಮನೆಯ ಷೆಡ್ಡಿನಲ್ಲೇ ಕೈಯಾರೆ ಕಟ್ಟುವ ಹವ್ಯಾಸಕ್ಕೆ ಬ್ರಿಟನ್‌ನಲ್ಲಿ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿಯೂ ಇದು ಬೇರೂರಿದೆ. ಸಿದ್ಧ ಬಿಡಿಭಾಗಗಳನ್ನು ಕೊಂಡು ಜೋಡಿಸುವವರು ಒಂದು ಬಗೆಯಾದರೆ, ಗುಜರಿ ಅಂಗಡಿಯಲ್ಲಿ ದೊರೆತ ಲೋಹವನ್ನೇ ಕಡೆದು, ಕೊರೆದು, ಎರಕ ಹೊಯ್ದು ಇಡೀ ಎಂಜಿನ್ನನ್ನು ಮೊದಲಿನಿಂದ ನಿರ್ಮಿಸುವವರು ಇನ್ನೊಂದು ಬಗೆ. ಈ ಎರಡನೆಯ ದಾರಿಯಲ್ಲಿ ಯಾವ ಭಾಗಕ್ಕೆ ಹಳೆಯ ಲೋಹ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ವಿವೇಚನೆಯೇ ಮುಖ್ಯ. ಅದು ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಹಿನ್ನೆಲೆ

ಪರ್ಸಿವಲ್ ಮಾರ್ಷಲ್ 1898ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಈ ಹವ್ಯಾಸಕ್ಕೆ ಭದ್ರ ತಳಹದಿ ಹಾಕಿತು. ಅದರಲ್ಲಿ ದಶಕಗಳ ಕಾಲ ‘ಎಲ್‌ಬಿಎಸ್‌ಸಿ’ ಎಂಬ ಹೆಸರಿನಿಂದ ಬರೆದ ಕರ್ಲಿ ಲಾರೆನ್ಸ್ (ನಿಧನ 1967) ಸಾಮಾನ್ಯ ಕಾರ್ಮಿಕನೂ ಎಂಜಿನ್ ಕಟ್ಟಬಲ್ಲನೆಂಬ ವಿಶ್ವಾಸ ಮೂಡಿಸಿದರು. ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳೇ ಅವರ ಕಾವ್ಯನಾಮ. ಚಿಕ್ಕ ಎಂಜಿನ್‌ಗಳಿಗೆ ಸ್ಪಿರಿಟ್ ದೀಪದ ಬಾಯ್ಲರೇ ಸರಿ ಎಂಬ ಅಂದಿನ ನಂಬಿಕೆಯನ್ನು ಪ್ರಶ್ನಿಸಿದ ಅವರು, ಕೇವಲ ಎರಡೂವರೆ ಅಂಗುಲ ಗೇಜಿನ ‘ಆಯೆಷಾ’ ಎಂಬ ಎಂಜಿನ್ ಕಲ್ಲಿದ್ದಲಿನಿಂದ ಓಡಿ ವಯಸ್ಕರನ್ನೇ ಎಳೆಯಬಲ್ಲುದೆಂದು ತೋರಿಸಿಕೊಟ್ಟರು. 1924ರಲ್ಲಿ ನಡೆದ ಈ ಸ್ಪರ್ಧೆ ‘ಬಾಯ್ಲರುಗಳ ಕದನ’ ಎಂದೇ ಹೆಸರಾಯಿತು.

ಗಾತ್ರದ ಗಣಿತ

ಜನರನ್ನು ಎಳೆಯುವ ದೊಡ್ಡ ಮಾದರಿಗಳಿಗೆ 5 ಅಂಗುಲ (127 ಮಿ.ಮೀ.) ಮತ್ತು 7¼ ಅಂಗುಲ (184 ಮಿ.ಮೀ.) ಗೇಜುಗಳು ಬ್ರಿಟನ್‌ನಲ್ಲಿ ಪ್ರಚಲಿತ. ಅಮೆರಿಕದ ಬಹುಭಾಗದಲ್ಲಿ 7½ ಅಂಗುಲದ ಹಳಿ ಬಳಕೆಯಲ್ಲಿದೆ. 7¼ ಅಂಗುಲದ ಮಾದರಿಯು 1,435 ಮಿ.ಮೀ. ಗೇಜಿನ ಮೂಲ ಎಂಜಿನ್ನಿನ ಸುಮಾರು ಎಂಟನೇ ಒಂದರಷ್ಟಿರುತ್ತದೆ.

ಉದ್ದ ಎಂಟನೇ ಒಂದಾದರೆ ತೂಕ 512ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೂರು ಟನ್ನಿನ ಎಂಜಿನ್ನಿನ ಮಾದರಿ ಸುಮಾರು 195 ಕಿಲೋ ತೂಗುತ್ತದೆ. ಪಿಸ್ಟನ್ನಿನ ವಿಸ್ತೀರ್ಣ ಮಾತ್ರ 64ರಲ್ಲಿ ಒಂದು ಪಾಲಾಗುತ್ತದೆ. ಒತ್ತಡ ಅಷ್ಟೇ ಇದ್ದರೆ, ತನ್ನ ತೂಕಕ್ಕೆ ಹೋಲಿಸಿದಾಗ ಮಾದರಿಯೇ ಮೂಲಕ್ಕಿಂತ ಬಲಶಾಲಿ. ಆದರೆ ನೀರು, ಉಗಿ, ಬೆಂಕಿಗಳ ಗುಣವನ್ನು ಅಳತೆಗೆ ತಕ್ಕಂತೆ ಕುಗ್ಗಿಸಲಾಗದು. ಚಿಕ್ಕ ಬಾಯ್ಲರಿನ ಒಳಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚಾದುದರಿಂದ ಶಾಖ ಬೇಗ ಸೋರಿಹೋಗುತ್ತದೆ.

ಗುಜರಿಯಲ್ಲಿ ಸಿಗುವುದೇನು?

ಹಳೆಯ ಬ್ರೇಕ್ ಡ್ರಮ್ಮುಗಳು ಉತ್ತಮ ಬೀಡು ಕಬ್ಬಿಣದ ಆಕರ. ಅವನ್ನು ಕರಗಿಸಿ ಚಕ್ರ, ಸಿಲಿಂಡರುಗಳಿಗೆ ಎರಕ ಹೊಯ್ಯಬಹುದು. ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುವುದರಿಂದ ಮರದ ಅಚ್ಚನ್ನು ಅಷ್ಟೇ ದೊಡ್ಡದಾಗಿ ಕೆತ್ತಬೇಕು. ದಪ್ಪ ಉಕ್ಕಿನ ತಗಡಿನ ತುಂಡುಗಳಿಂದ ಚೌಕಟ್ಟು ಸಿದ್ಧವಾಗುತ್ತದೆ. ಲಾರಿಯ ಹಳೆಯ ಆಕ್ಸಲ್ ಶಾಫ್ಟಿನಿಂದ ಅಚ್ಚುಗಳನ್ನು ಕಡೆಯಬಹುದು. ಅದು ಹದಗೊಳಿಸಿದ ಗಟ್ಟಿ ಉಕ್ಕಾದ್ದರಿಂದ ಕೆಂಪಗೆ ಕಾಯಿಸಿ ನಿಧಾನವಾಗಿ ಆರಿಸಿ ಮೆದುಗೊಳಿಸದಿದ್ದರೆ ಲೇತಿನ ಉಳಿ ನಿಲ್ಲದು. ಕೆಟ್ಟ ಪಂಪುಗಳ ಕಂಚಿನ ಬುಷ್‌ಗಳು ಬೇರಿಂಗ್‌ಗೆ ಒದಗುತ್ತವೆ.

ಎಚ್ಚರ ಬೇಕಾದ ಕಡೆಗಳೂ ಇವೆ. ಹಿತ್ತಾಳೆ ಮತ್ತು ಕಂಚು ನೋಟಕ್ಕೆ ಒಂದೇ ಎನಿಸಿದರೂ ಬಿಸಿನೀರಿನ ಸಂಪರ್ಕದಲ್ಲಿ ಹಿತ್ತಾಳೆಯ ಸತು ಕ್ರಮೇಣ ಕರಗಿ, ಲೋಹ ಟೊಳ್ಳಾಗುತ್ತದೆ. ಬಾಯ್ಲರಿಗೆ ತಾಗುವ ಜೋಡಣೆಗಳಿಗೆ ಕಂಚೇ ಆಗಬೇಕು. ಸತು ಅಥವಾ ಕ್ಯಾಡ್ಮಿಯಂ ಲೇಪಿತ ಭಾಗಗಳನ್ನು ಕಾಯಿಸಿದರೆ ವಿಷಕಾರಿ ಹೊಗೆ ಏಳುತ್ತದೆ. ಹಳೆಯ ಯಂತ್ರಗಳ ಶಾಖರೋಧಕ ಹೊದಿಕೆಯಲ್ಲಿ ಕಲ್ನಾರು ಇರುವ ಸಂಭವವುಂಟು.

ನಿರ್ಮಾಣದ ಕ್ರಮ

ಮೊದಲು ಚೌಕಟ್ಟು, ಆಮೇಲೆ ಅಚ್ಚು ಮತ್ತು ಚಕ್ರ, ಬಳಿಕ ಸಿಲಿಂಡರ್ ಹಾಗೂ ಕವಾಟಗಳನ್ನು ಚಲಿಸುವ ಸರಳುಗಳು ಎಂಬುದು ರೂಢಿಯ ಕ್ರಮ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೇ ಅಚ್ಚಿನ ಎಡ ಬಲ ಚಕ್ರಗಳ ಕ್ರ್ಯಾಂಕುಗಳು ಪರಸ್ಪರ 90 ಡಿಗ್ರಿ ಕೋನದಲ್ಲಿರಬೇಕು. ಒಂದು ಪಿಸ್ಟನ್ ತುದಿ ಮುಟ್ಟಿ ನಿಂತಾಗ ಇನ್ನೊಂದು ತಳ್ಳುವುದರಿಂದ ಎಂಜಿನ್ ಯಾವ ಸ್ಥಿತಿಯಿಂದಲೂ ಹೊರಡಬಲ್ಲದು. ಸರಳಿನಿಂದ ಬೆಸೆದ ಎಲ್ಲ ಅಚ್ಚುಗಳಲ್ಲೂ ಈ ಕೋನ ಒಂದೇ ಆಗಿರದಿದ್ದರೆ ಸರಳುಗಳು ಬಿಗಿದು ಚಕ್ರ ಸಿಕ್ಕಿಕೊಳ್ಳುತ್ತದೆ. ಇಷ್ಟಾದ ಮೇಲೆ ಏರ್ ಕಂಪ್ರೆಸರಿನ ಗಾಳಿಯಿಂದ ಓಡಿಸಿ ನೋಡಿ ದೋಷ ತಿದ್ದುವುದು ವಾಡಿಕೆ.

ಬಾಯ್ಲರ್: ಇಲ್ಲಿ ಗುಜರಿ ಸಲ್ಲದು

ಮಾದರಿ ಎಂಜಿನ್ನುಗಳು ಸಾಮಾನ್ಯವಾಗಿ ಚದರ ಅಂಗುಲಕ್ಕೆ 80ರಿಂದ 100 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತವೆ. ನೂರು ಪೌಂಡ್ ಒತ್ತಡದಲ್ಲಿ ಉಗಿಯ ಉಷ್ಣತೆ ಸುಮಾರು 170 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ತವರದ ಬೆಸುಗೆ 183 ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುವುದರಿಂದ ಅದನ್ನು ನೆಚ್ಚುವಂತಿಲ್ಲ. ತಾಮ್ರದ ಬಾಯ್ಲರಿಗೆ 600 ಡಿಗ್ರಿಗೂ ಮೇಲೆ ಕರಗುವ ಬೆಳ್ಳಿ ಬೆಸುಗೆ, ಉಕ್ಕಿನ ಬಾಯ್ಲರಿಗೆ ನುರಿತವರ ವೆಲ್ಡಿಂಗ್ ಅಗತ್ಯ. ಬಾಯ್ಲರ್ ಒಡೆದರೆ ಒತ್ತಡದಲ್ಲಿದ್ದ ಬಿಸಿನೀರು ಕ್ಷಣಾರ್ಧದಲ್ಲಿ ಉಗಿಯಾಗಿ ಹಿಗ್ಗುತ್ತದೆ. ಬಯಲಿನ ವಾಯುಒತ್ತಡದಲ್ಲಿ ಉಗಿಯು ನೀರಿಗಿಂತ 1,600 ಪಟ್ಟಿಗೂ ಹೆಚ್ಚು ಜಾಗ ಆಕ್ರಮಿಸುತ್ತದೆ.

ಅಮೆರಿಕದ ಓಹಾಯೋ ರಾಜ್ಯದ ಮೆಡೀನಾದಲ್ಲಿ 2001ರ ಜುಲೈ 29ರಂದು ಹಳೆಯ ಉಗಿ ಟ್ರ್ಯಾಕ್ಟರೊಂದರ ಬಾಯ್ಲರ್ ಸಿಡಿದು ಐವರು ಮೃತಪಟ್ಟರು. ಅದು ಪೂರ್ಣಗಾತ್ರದ ಯಂತ್ರವಾಗಿದ್ದರೂ ಅದರ ಪಾಠ ಮಾದರಿಗಳಿಗೂ ಅನ್ವಯಿಸುತ್ತದೆ. ಒಲೆಯ ಮೇಲ್ತಗಡು ತುಕ್ಕಿನಿಂದ ತೆಳುವಾಗಿತ್ತು, ಒಳಗೆ ನೀರಿನ ಮಟ್ಟ ಇಳಿದಿತ್ತು. ಹಳೆಯ ತಗಡಿನ ಸವೆತ ಹೊರಗಿನಿಂದ ಕಾಣದು. ಆದ್ದರಿಂದಲೇ ಹಳೆಯ ಗ್ಯಾಸ್ ಸಿಲಿಂಡರ್, ಮೂಲ ತಿಳಿಯದ ಕೊಳವೆಗಳನ್ನು ಬಾಯ್ಲರಿಗೆ ಬಳಸಬಾರದು. ಪ್ರಮಾಣಪತ್ರವುಳ್ಳ ಹೊಸ ಲೋಹವನ್ನೇ ಕೊಳ್ಳಬೇಕು.

ಪರೀಕ್ಷೆ ಮತ್ತು ಕಾನೂನು

ಹೊಸ ಬಾಯ್ಲರಿಗೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡು ಪಟ್ಟಿನವರೆಗೆ ಏರಿಸಿ ಪರೀಕ್ಷಿಸುವುದು ಬ್ರಿಟನ್ನಿನ ಹವ್ಯಾಸಿ ಸಂಘಗಳ ಪದ್ಧತಿ. ನೀರು ಗಾಳಿಯಂತೆ ಸಂಕುಚಿತಗೊಳ್ಳದ ಕಾರಣ ಬೆಸುಗೆ ಬಿಟ್ಟರೂ ಸೋರಿಕೆಯಾಗುತ್ತದೆಯೇ ಹೊರತು ಸ್ಫೋಟವಾಗದು. ಬಳಿಕ ಉಗಿಯಲ್ಲಿ ಪರೀಕ್ಷೆ ನಡೆಸಿ, ಒತ್ತಡ ಮಿತಿ ಮೀರದಂತೆ ಸುರಕ್ಷಾ ಕವಾಟಗಳು ಉಗಿಯನ್ನು ಹೊರಬಿಡುತ್ತವೆಯೇ ಎಂದು ನೋಡಲಾಗುತ್ತದೆ. ನೀರಿನ ಮಟ್ಟ ತೋರುವ ಗಾಜಿನ ಕೊಳವೆ, ಒತ್ತಡಮಾಪಕ ಹಾಗೂ ನೀರುಣಿಸಲು ಒಂದನ್ನೊಂದು ಅವಲಂಬಿಸದ ಎರಡು ಸಾಧನಗಳು ಇರಲೇಬೇಕು.

ಭಾರತದಲ್ಲಿ 1923ರ ಬಾಯ್ಲರ್ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದೆ. 25 ಲೀಟರಿಗಿಂತ ಕಡಿಮೆ ಸಾಮರ್ಥ್ಯದ ಬಾಯ್ಲರುಗಳು ಇದರ ವ್ಯಾಪ್ತಿಯಿಂದ ಹೊರಗಿವೆ. ದೊಡ್ಡ ಮಾದರಿಯ ಬಾಯ್ಲರ್ ಈ ಮಿತಿಯನ್ನು ದಾಟಬಹುದಾದ್ದರಿಂದ ನಕ್ಷೆಯ ಹಂತದಲ್ಲೇ ಲೆಕ್ಕ ಹಾಕಿ, ಅಗತ್ಯವಿದ್ದರೆ ರಾಜ್ಯದ ಬಾಯ್ಲರ್ ಇಲಾಖೆಯನ್ನು ಸಂಪರ್ಕಿಸುವುದು ಒಳಿತು. ಕಾನೂನಿನ ವಿನಾಯಿತಿಯಿದ್ದ ಮಾತ್ರಕ್ಕೆ ಅಪಾಯದಿಂದಲೂ ವಿನಾಯಿತಿ ದೊರೆತಂತಲ್ಲ. ಚಿಕ್ಕ ಬಾಯ್ಲರಿಗೂ ನೀರಿನ ಪರೀಕ್ಷೆ ತಪ್ಪಿಸುವಂತಿಲ್ಲ.

ಚೌಕಟ್ಟು, ಚಕ್ರ, ಸರಳುಗಳ ಜೋಡಣೆಯನ್ನು ಕಣ್ಣಾರೆ ಕಂಡು ಅರಿಯಬಯಸುವವರಿಗೆ 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದ ಪೂರ್ಣಗಾತ್ರದ ಉಗಿ ಎಂಜಿನ್ನುಗಳು ಉತ್ತಮ ಪಾಠಶಾಲೆ. ಒಬ್ಬರೇ ಬಿಡುವಿನ ವೇಳೆಯಲ್ಲಿ ಕಟ್ಟುವ ದೊಡ್ಡ ಎಂಜಿನ್ ಮುಗಿಯಲು ಹಲವು ವರ್ಷಗಳೇ ಹಿಡಿಯುತ್ತವೆ. ಗುಜರಿಯಲ್ಲಿ ಉಳಿಸಿದ ಹಣವನ್ನು ಬಾಯ್ಲರಿಗೆಂದು ತೆಗೆದಿರಿಸುವುದು ಆ ಶ್ರಮಕ್ಕೆ ಒದಗಿಸಬಹುದಾದ ಅತ್ಯುತ್ತಮ ರಕ್ಷಣೆ.