ಕಲ್ಪೆಟ್ಟದ ದೀಪಾವಳಿ: ಮೂರು ದಿನದ ಹಬ್ಬ, ಒಂದು ದಿನದ ರಜೆ

ವಯನಾಡು ಜಿಲ್ಲಾ ಕೇಂದ್ರವಾದ ಕಲ್ಪೆಟ್ಟದಲ್ಲಿ ದೀಪಾವಳಿಗೆ ಸಿಗುವುದು ಒಂದೇ ದಿನದ ಸರ್ಕಾರಿ ರಜೆ. ಗಡಿಯಾಚೆ ಗುಂಡ್ಲುಪೇಟೆ, ಎಚ್.ಡಿ. ಕೋಟೆಗಳಲ್ಲಿ ನರಕ ಚತುರ್ದಶಿಗೂ ರಜೆ, ಬಲಿಪಾಡ್ಯಮಿಗೂ ರಜೆ. 2025ರಲ್ಲಿ ಅಕ್ಟೋಬರ್ 20ರ ಸೋಮವಾರ ಎರಡೂ ರಾಜ್ಯಗಳಲ್ಲಿ ಕಚೇರಿಗಳು ಮುಚ್ಚಿದ್ದವು. 22ರ ಬುಧವಾರ ಬಲಿಪಾಡ್ಯಮಿ. ಅಂದು ಕರ್ನಾಟಕಕ್ಕೆ ಹಬ್ಬ, ಕೇರಳಕ್ಕೆ ಕೆಲಸದ ದಿನ. ಮುತ್ತಂಗದ ಈಚೆ ಇರುವ ಕನ್ನಡದ ಮನೆಗಳಿಗೆ ಹಬ್ಬದ ಮುಖ್ಯ ದಿನವೇ ಎಸ್ಟೇಟಿಗೆ, ಅಂಗಡಿಗೆ, ಶಾಲೆಗೆ ಹೋಗುವ ದಿನ.

ವಯನಾಡಿಗೆ ಕನ್ನಡ ಹೊಸದಲ್ಲ. ಸುಲ್ತಾನ್ ಬತ್ತೇರಿಗೆ ಹಿಂದೆ 'ಹನ್ನೆರಡು ಬೀದಿ' ಎಂಬ ಹೆಸರಿತ್ತು. ಕಾಟುನಾಯಕರ, ಊರಾಳಿ ಕುರುಮರ ಮಾತು ಕನ್ನಡಕ್ಕೆ ಹತ್ತಿರದ್ದು. ಕಬಿನಿ ದಂಡೆಯ ಹಳ್ಳಿಗಳಿಗೂ ಎದುರು ದಡದ ಬೈರಕುಪ್ಪೆಗೂ ಕೊಡುಕೊಳ್ಳುವ ಸಂಬಂಧ ಹಳೆಯದು. ಆದರೆ ಮಲಬಾರಿನ ಮಲಯಾಳಿ ಮನೆಗಳಲ್ಲಿ ದೀಪಾವಳಿ ದೊಡ್ಡ ಹಬ್ಬವಲ್ಲ. ಹಾಗಾಗಿ ರಜೆಯ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ದಿನ, ಓಣಂಗೆ ಸಿಕ್ಕಿದ್ದು ನಾಲ್ಕು ದಿನ. ಇದರಲ್ಲಿ ಯಾರ ಮೇಲೂ ಸಿಟ್ಟಾಗಬೇಕಾದ್ದಿಲ್ಲ. ಗುಂಡ್ಲುಪೇಟೆಯಲ್ಲಿ ದುಡಿಯುವ ಮಲಯಾಳಿಗೆ ತಿರುವೋಣಂ ದಿನ ರಜೆ ಎಲ್ಲಿದೆ?

ಬಲಿಯ ಎರಡು ಭೇಟಿ

ಎರಡೂ ಹಬ್ಬಗಳ ಅತಿಥಿ ಒಬ್ಬನೇ, ಬಲಿ ಚಕ್ರವರ್ತಿ. ವಾಮನ ಪಾತಾಳಕ್ಕೆ ತುಳಿದ ಬಲಿ ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಬರುತ್ತಾನೆ ಎಂಬ ನಂಬಿಕೆ ಘಟ್ಟದ ಎರಡೂ ಕಡೆ ಇದೆ. ಬರುವ ತಿಂಗಳು ಮಾತ್ರ ಬೇರೆ. ಮಲಯಾಳಿಗಳಿಗೆ ಅವನು ಚಿಂಗಂ ಮಾಸದ ತಿರುವೋಣಂ ನಕ್ಷತ್ರದಂದು ಮಾವೇಲಿಯಾಗಿ ಬರುತ್ತಾನೆ. ಕನ್ನಡಿಗರಿಗೆ ಕಾರ್ತಿಕ ಶುದ್ಧ ಪಾಡ್ಯದಂದು ಬಲೀಂದ್ರನಾಗಿ ಬರುತ್ತಾನೆ. 2025ರಲ್ಲಿ ತಿರುವೋಣಂ ಸೆಪ್ಟೆಂಬರ್ 5ಕ್ಕೆ ಬಿತ್ತು, ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ. ಎರಡು ಭಾಷೆಯ ಮನೆಗಳಲ್ಲಿ ಒಂದೂವರೆ ತಿಂಗಳ ಅಂತರದಲ್ಲಿ ಒಬ್ಬನೇ ರಾಜನಿಗೆ ಎರಡು ಸಲ ಸ್ವಾಗತ.

ಕಲ್ಪೆಟ್ಟಕ್ಕೆ ಹತ್ತಿರದ ಪುಳಿಯಾರ್‌ಮಲೆಯಲ್ಲಿ ಅನಂತನಾಥ ಸ್ವಾಮಿ ಬಸದಿ ಇದೆ. ವಯನಾಡಿನ ಜೈನರಲ್ಲಿ ಹಲವರದು ಕನ್ನಡ ಮೂಲದ ಮನೆತನ. ದೀಪಾವಳಿ ಅವರಿಗೂ ಇದೆ, ಆದರೆ ಅದು ಮಹಾವೀರರ ನಿರ್ವಾಣದ ದಿನ. ಅದನ್ನು ಬಲಿಯ ಹಬ್ಬದೊಂದಿಗೆ ಸೇರಿಸಿ ಹೇಳುವುದು ಸರಿಯಲ್ಲ.

ಯಾವುದು ಉಳಿಯಿತು, ಯಾವುದು ಹೋಯಿತು

ಕೆಲಸಕ್ಕೆ ಹೋಗುವವರ ಕಣ್ಣಿನಿಂದ ನೋಡಿದರೆ ದೀಪಾವಳಿಗೆ ಒಂದು ಅನುಕೂಲವಿದೆ. ಅದರ ಹೆಚ್ಚಿನ ಶಾಸ್ತ್ರಗಳು ಬೆಳಗಿನ ಜಾವಕ್ಕೆ ಇಲ್ಲವೇ ಮುಸ್ಸಂಜೆಗೆ ಸೇರಿದವು. ತ್ರಯೋದಶಿಯ ಸಂಜೆ ಹಂಡೆ ತಿಕ್ಕಿ, ಹೂಬಳ್ಳಿ ಸುತ್ತಿ ನೀರು ತುಂಬಬೇಕು. ಚತುರ್ದಶಿಯಂದು ಸೂರ್ಯ ಮೂಡುವ ಮೊದಲೇ ಎಣ್ಣೆ ಸ್ನಾನ ಮುಗಿಯಬೇಕು. ಅಮಾವಾಸ್ಯೆಯ ಸಂಜೆ ಲಕ್ಷ್ಮೀ ಪೂಜೆ, ಪಾಡ್ಯದ ಸಂಜೆ ದೀಪ. ಇವ್ಯಾವುದಕ್ಕೂ ರಜೆ ಅರ್ಜಿ ಬೇಡ. ಸಿವಿಲ್ ಸ್ಟೇಷನ್ನಿಗೆ ಹತ್ತು ಗಂಟೆಗೆ ಹೋಗುವ ನೌಕರನೂ ತಲೆಗೆ ಎಣ್ಣೆ ಹಚ್ಚಿಕೊಂಡು, ಬಿಸಿನೀರು ಹೊಯ್ದುಕೊಂಡು, ದೋಸೆ ತಿಂದು ಬಸ್ಸು ಹಿಡಿಯಬಹುದು. ಅಕ್ಟೋಬರ್ ಕೊನೆಯ ವಯನಾಡಿನ ಚಳಿಯಲ್ಲಿ ಮಕ್ಕಳನ್ನು ನಾಲ್ಕೂವರೆಗೆ ಎಬ್ಬಿಸುವುದಷ್ಟೇ ಕಷ್ಟ!

ಓಣಂ ಹಾಗಲ್ಲ. ಅದು ನಡುಮಧ್ಯಾಹ್ನದ ಹಬ್ಬ. ಬಾಳೆ ಎಲೆ ಹಾಕಿ ಸದ್ಯ ಬಡಿಸಲು ಮನೆಯವರೆಲ್ಲ ಹಗಲು ಹೊತ್ತಿನಲ್ಲೇ ಮನೆಯಲ್ಲಿರಬೇಕು. ರಜೆಯಿಲ್ಲದೆ ಓಣಂ ಆಗುವುದಿಲ್ಲ. ರಜೆಯಿಲ್ಲದೆ ದೀಪಾವಳಿ ಆಗುತ್ತದೆ, ಆದರೆ ಅರ್ಧ.

ಕಳೆದುಹೋಗುವ ಅರ್ಧ ಯಾವುದು? ಒಂದು, ಪಾಡ್ಯದ ಹಗಲಿನ ದನಗಳ ಪೂಜೆ. ದನಕರುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹಾರ ಹಾಕಿ, ಹೊಸ್ತಿಲ ಬಳಿ ಸಗಣಿಯಲ್ಲಿ ಬಲೀಂದ್ರನನ್ನು ಮಾಡಿ ಹೂವಿಡುವ ಕೆಲಸಕ್ಕೆ ಒಂದು ಹಗಲು ಬೇಕು. ಹಾಲಿನ ಸೊಸೈಟಿಗೆ ಹಾಲು ಹಾಕುವ ಮನೆಗಳಲ್ಲಿ ದನ ಇನ್ನೂ ಇದೆ, ಆದ್ದರಿಂದ ಪೂಜೆಯೂ ಉಳಿದಿದೆ. ಬೆಳಗಿನ ಹಾಲು ಕೊಟ್ಟು ಬಂದು ಅವಸರದಲ್ಲಿ ಒಂದು ಆರತಿ. ಕೊಟ್ಟಿಗೆ ಖಾಲಿಯಾದ ಮನೆಗಳಲ್ಲಿ ಅದೂ ಇಲ್ಲ. ಇನ್ನೊಂದು ನಷ್ಟ ದೊಡ್ಡದು. ದೀಪಾವಳಿ ಮಗಳು ಅಳಿಯ ಬರುವ ಹಬ್ಬ. ಮೈಸೂರಿಗೆ, ನಂಜನಗೂಡಿಗೆ, ಎಚ್.ಡಿ. ಕೋಟೆಗೆ ಕೊಟ್ಟ ಮಗಳು ಕಲ್ಪೆಟ್ಟಕ್ಕೆ ಬರಲು, ಕಲ್ಪೆಟ್ಟದಲ್ಲಿ ದುಡಿಯುವ ಮಗ ಊರಿಗೆ ಹೋಗಲು ಎರಡು ದಿನವಾದರೂ ಬೇಕು. ದೀಪವನ್ನು ಸಂಜೆ ಆರಕ್ಕೆ ಹಚ್ಚಬಹುದು, ಪ್ರಯಾಣ ಹಾಗೆ ಮುಗಿಯುವುದಿಲ್ಲ.

ಒಂಬತ್ತು ಗಂಟೆಯ ಗೇಟು

ಪ್ರಯಾಣಕ್ಕೆ ಇನ್ನೊಂದು ಲೆಕ್ಕವಿದೆ. ಕೋಯಿಕ್ಕೋಡ್–ಕೊಳ್ಳೇಗಾಲ ರಾಷ್ಟ್ರೀಯ ಹೆದ್ದಾರಿ (ಮೊದಲು 212, ಈಗ 766) ಕಲ್ಪೆಟ್ಟ, ಬತ್ತೇರಿ ದಾಟಿ ಬಂಡೀಪುರ ಕಾಡಿನೊಳಗೆ ಹೋಗುತ್ತದೆ. ರಾತ್ರಿ ಹೊತ್ತು ವಾಹನಕ್ಕೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಈ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಬಂತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಅನುಮತಿ ಪಡೆದ ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಮಾನಂತವಾಡಿಯಿಂದ ಬಾವಲಿ ಮೂಲಕ ಎಚ್.ಡಿ. ಕೋಟೆಗೆ ಹೋಗುವ ನಾಗರಹೊಳೆ ದಾರಿ ಸಂಜೆ 6ಕ್ಕೇ ಮುಚ್ಚುತ್ತದೆ. ಉಳಿಯುವುದು ಕುಟ್ಟ, ಗೋಣಿಕೊಪ್ಪ, ಹುಣಸೂರಿನ ಸುತ್ತು ದಾರಿ. 2019ರಲ್ಲಿ ನಿಷೇಧದ ವಿರುದ್ಧ ಬತ್ತೇರಿಯಲ್ಲಿ ದೊಡ್ಡ ಉಪವಾಸ ಸತ್ಯಾಗ್ರಹವೂ ನಡೆಯಿತು. ಆನೆ, ಜಿಂಕೆಗಳ ಪ್ರಾಣದ ಪ್ರಶ್ನೆ ಇರುವಾಗ ನಿಷೇಧ ತಪ್ಪು ಎನ್ನಲಾಗದು, ಆದರೆ ಹಬ್ಬದ ಹಿಂದಿನ ದಿನ ಅದರ ಭಾರ ಹೊರುವವರು ಯಾರು ಎಂಬುದನ್ನು ನೋಡಬೇಕು.

ಕಲ್ಪೆಟ್ಟದಿಂದ ಬತ್ತೇರಿಗೆ 24 ಕಿಲೋಮೀಟರ್, ಅಲ್ಲಿಂದ ಮುತ್ತಂಗಕ್ಕೆ ಮತ್ತೆ ಸುಮಾರು 16. ಬಸ್ಸಿನಲ್ಲಿ ಗಂಟೆಗೂ ಮೇಲೆ. ಐದಕ್ಕೆ ಕಚೇರಿ ಬಿಡುವವನು ಮೂಲೆಹೊಳೆ ಚೆಕ್‌ಪೋಸ್ಟನ್ನು ಹೊತ್ತಿಗೆ ಸರಿಯಾಗಿ ದಾಟುತ್ತಾನೆ. ರಾತ್ರಿ ಎಂಟಕ್ಕೆ ಶಟರ್ ಎಳೆಯುವ ಬಟ್ಟೆ ಅಂಗಡಿಯ ಹುಡುಗಿ ದಾಟುವುದಿಲ್ಲ. ಹಬ್ಬದ ಮುನ್ನಾದಿನ ಅಂಗಡಿ ಬೇಗ ಮುಚ್ಚುವುದೂ ಇಲ್ಲ, ವ್ಯಾಪಾರ ಆ ದಿನವೇ ಅಲ್ಲವೇ! ಅವಳಿಗೆ ಬೆಳಿಗ್ಗೆ ಆರರ ನಂತರದ ಬಸ್ಸು. ಊರು ಮುಟ್ಟುವಾಗ ಎಣ್ಣೆ ಸ್ನಾನದ ಹೊತ್ತು ಮೀರಿರುತ್ತದೆ.

ಬೋನಸ್ ಯಾವಾಗ ಬರುತ್ತದೆ

ಹಬ್ಬ ಎಷ್ಟು ಜೋರು ಎಂಬುದನ್ನು ತೀರ್ಮಾನಿಸುವುದು ಕೈಗೆ ಬರುವ ಹಣ. 1965ರ ಬೋನಸ್ ಕಾಯ್ದೆಯಿಂದ ಬೆಳೆದು ಬಂದ ಕನಿಷ್ಠ ದರ ಶೇ. 8.33, 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಲೆಕ್ಕದ ವರ್ಷ ಮುಗಿದ 8 ತಿಂಗಳೊಳಗೆ ಹಣ ಕೊಡಬೇಕು ಎಂಬುದು ನಿಯಮ. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಗಡುವು ನವೆಂಬರ್ 30. ಓಣಂ, ದೀಪಾವಳಿ ಎರಡೂ ಈ ಗಡುವಿನೊಳಗೇ ಬರುತ್ತವೆ. ಕೇರಳದಲ್ಲಿ ಓಣಂಗೆ ಮೊದಲು, ಕರ್ನಾಟಕದಲ್ಲಿ ಹೆಚ್ಚಾಗಿ ದೀಪಾವಳಿ ಹೊತ್ತಿಗೆ ಕೊಡುವುದು ರೂಢಿ. ಹೀಗಾಗಿ ಕಲ್ಪೆಟ್ಟ ಸುತ್ತಿನ ಚಹಾ ತೋಟದ ಕೆಲಸಗಾರರಿಗೆ ಬೋನಸ್ ಬಂದು ಖರ್ಚಾದ ಮೇಲೆ ದೀಪಾವಳಿ ಬರುತ್ತದೆ. ಒಂದೇ ಕುಟುಂಬದ ಅಣ್ಣ ಮೇಪ್ಪಾಡಿಯಲ್ಲೂ ತಮ್ಮ ನಂಜನಗೂಡಿನ ಕಾರ್ಖಾನೆಯಲ್ಲೂ ಇದ್ದರೆ ಹೊಸ ಬಟ್ಟೆ ಬೇರೆ ಬೇರೆ ತಿಂಗಳು.

ಬೋನಸ್ಸೇ ಇಲ್ಲದವರ ಕಥೆ ಬೇರೆ. ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಕೊಡಗಿನಲ್ಲಿ ಗುತ್ತಿಗೆ ಜಮೀನು ಹಿಡಿದು ಶುಂಠಿ ಬೆಳೆಯುವವರಲ್ಲಿ ವಯನಾಡಿನವರು ಬಹಳ ಮಂದಿ. ಅವರ ಜೊತೆ ಕೂಲಿಗೆ ಹೋಗುವವರೂ ಇದ್ದಾರೆ. ದಿನಗೂಲಿಯವನಿಗೆ ಹಬ್ಬದ ರಜೆ ಎಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಅರ್ಥ.

ಓಣಂ ಸುಗ್ಗಿ ಹಬ್ಬ ಎಂದು ಪುಸ್ತಕಗಳು ಹೇಳುತ್ತವೆ. ಬಯಲು ಸೀಮೆಯ ಕೇರಳಕ್ಕೆ ಅದು ಸರಿ. ವಯನಾಡಿನ ಮುಖ್ಯ ಭತ್ತದ ಬೆಳೆ 'ನಂಜ' ಕೊಯ್ಲಿಗೆ ಬರುವುದು ಡಿಸೆಂಬರ್ ಹೊತ್ತಿಗೆ. ಓಣಂ ಬಂದಾಗ ಇಲ್ಲಿನ ಗದ್ದೆ ಇನ್ನೂ ಹಸಿರು. ಕಾಫಿ ಕೊಯ್ಲು ಶುರುವಾಗುವುದೂ ದೀಪಾವಳಿ ಕಳೆದ ಮೇಲೆಯೇ. ಅಂದರೆ ಎರಡೂ ಹಬ್ಬಗಳು ಇಲ್ಲಿ ರೈತನ ಕೈ ಖಾಲಿ ಇರುವಾಗ ಬರುತ್ತವೆ. 'ಕಾಣಂ ವಿಟ್ಟುಂ ಓಣಂ ಉಣ್ಣಣಂ' ಎಂಬ ಮಲಯಾಳಂ ಗಾದೆಯನ್ನೂ 'ಸಾಲ ಮಾಡಿಯಾದರೂ ತುಪ್ಪ ತಿನ್ನು' ಎಂಬ ನಮ್ಮ ಗಾದೆಯನ್ನೂ ನಗುತ್ತಾ ಹೇಳುವುದುಂಟು. ಆದರೆ ಕರಿಮೆಣಸು, ಕಾಫಿ ಬೆಲೆ ಕುಸಿದು ರೈತರ ಆತ್ಮಹತ್ಯೆಗಳಾದ ಜಿಲ್ಲೆ ಇದು. 2006ರ ಕೇಂದ್ರದ ಪರಿಹಾರ ಪ್ಯಾಕೇಜಿನ 31 ಜಿಲ್ಲೆಗಳಲ್ಲಿ ವಯನಾಡೂ ಒಂದು. ಹಬ್ಬಕ್ಕೆ ಸಾಲ ಮಾಡುವುದು ಇಲ್ಲಿ ಬರೀ ಗಾದೆಯ ಮಾತಲ್ಲ.

ಹಬ್ಬವೇ ಕೂಲಿ ಸಂತೆಯಾಗಿದ್ದ ಕಾಲ

ಹಿಂದೆ ಹಬ್ಬ ಹಬ್ಬವಾಗಿತ್ತು, ಈಗ ಕೆಲಸದ ಗಡಿಬಿಡಿಯಲ್ಲಿ ಕೆಟ್ಟಿತು ಎನ್ನುವವರು ಮಾನಂತವಾಡಿ ಬಳಿಯ ವಳ್ಳಿಯೂರ್‌ಕಾವ್ ಜಾತ್ರೆಯ ಚರಿತ್ರೆ ನೋಡಬೇಕು. ಮೀನ ಮಾಸದಲ್ಲಿ 14 ದಿನ ನಡೆಯುವ ಭಗವತಿಯ ಈ ಉತ್ಸವದಲ್ಲೇ ಜಮೀನುದಾರರು ಪಣಿಯ, ಅಡಿಯ ಕುಟುಂಬಗಳನ್ನು ಒಂದು ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ದೇವಿಯ ಎದುರಿನಲ್ಲಿ 'ನಿಲ್ಪುಪಣಂ' ಎಂಬ ಅಲ್ಪ ಮುಂಗಡ ಕೈಗೆ ಬಿದ್ದರೆ ಮುಂದಿನ ಜಾತ್ರೆಯವರೆಗೆ ಬಿಡುಗಡೆಯಿಲ್ಲ. ದೇಶದಲ್ಲಿ ಜೀತ ಪದ್ಧತಿ ರದ್ದತಿಗೆ ಕಾನೂನು ಬಂದದ್ದು 1976ರಲ್ಲಿ. ಜಾತ್ರೆ ಈಗಲೂ ನಡೆಯುತ್ತದೆ, ಆ ವ್ಯವಹಾರ ಇಲ್ಲ. ಹಬ್ಬಕ್ಕೆ ರಜೆ ಕೇಳುವುದು ಇಂದಿನವರ ಸೋಮಾರಿತನ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಬಹುದು.

ರಜೆ ಕೇಳುವ ದಾರಿ

ಸರ್ಕಾರಿ ರಜೆ ಪಟ್ಟಿ ಬೇರೆ, ತೋಟ, ಕಾರ್ಖಾನೆ, ಅಂಗಡಿಗಳ ರಜೆ ಬೇರೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಕೇರಳದ 1958ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಪ್ರಕಾರ ಸಂಬಳ ಸಹಿತ ರಜೆ ವರ್ಷಕ್ಕೆ 13: ನಾಲ್ಕು ರಾಷ್ಟ್ರೀಯ, ಒಂಬತ್ತು ಹಬ್ಬದವು. ಕರ್ನಾಟಕದ 1963ರ ಕಾಯ್ದೆಯಲ್ಲಿ ನವೆಂಬರ್ 1ರ ರಾಜ್ಯೋತ್ಸವವೂ ಸೇರಿ ಐದು, ಹಬ್ಬಕ್ಕೆ ಐದು, ಒಟ್ಟು 10. (ಕೇರಳ ಹುಟ್ಟಿದ್ದೂ 1956ರ ಅದೇ ನವೆಂಬರ್ 1ರಂದು, ಆದರೆ ಇಲ್ಲಿ ಅದಕ್ಕೆ ರಜೆಯಿಲ್ಲ.) ಕೇರಳದ ಆ ಒಂಬತ್ತು ಹಬ್ಬಗಳು ಯಾವುವು ಎಂಬುದನ್ನು ಮಾಲೀಕರು ಮತ್ತು ಕೆಲಸಗಾರರನ್ನು ಕೇಳಿ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ನಿಗದಿ ಮಾಡಬೇಕು. ಕನ್ನಡದವರು ಹೆಚ್ಚಿರುವ ಕಡೆ ಬಲಿಪಾಡ್ಯಮಿಯನ್ನೋ ಯುಗಾದಿಯನ್ನೋ ಪಟ್ಟಿಗೆ ಸೇರಿಸಿ ಎಂದು ಕೇಳಲು ಅಡ್ಡಿಯಿಲ್ಲ. ಪಟ್ಟಿ ತಯಾರಾಗುವ ಮೊದಲು ಕೇಳಬೇಕು, ಹಬ್ಬದ ಹಿಂದಿನ ದಿನ ಅಲ್ಲ. ಪಟ್ಟಿಯಲ್ಲಿರುವ ದಿನ ಕೆಲಸ ಮಾಡಿಸಿದರೆ ಎರಡು ಪಟ್ಟು ಕೂಲಿ, ಇಲ್ಲವೇ ಕೂಲಿ ಮತ್ತು ಬದಲಿ ರಜೆ ಕೊಡಬೇಕು. ದಿನಗೂಲಿಗಳಿಗೆ ಇದು ಸುಲಭವಾಗಿ ಸಿಗುವುದಿಲ್ಲ ಎಂಬುದೂ ನಿಜ.

ಹೂವಿಗೆ ಗಡಿಯಿಲ್ಲ

ಹಬ್ಬದ ಲಾಭ ಒಂದೇ ಕಡೆ ನಿಲ್ಲುವುದಿಲ್ಲ. ಅತ್ತಂ ದಿನದಿಂದ ತಿರುವೋಣಂವರೆಗಿನ ಹತ್ತು ದಿನ ಕೇರಳದ ಅಂಗಳಗಳಲ್ಲಿ ಪೂಕ್ಕಳಂ ಇಡಲು ಬೇಕಾಗುವ ಚೆಂಡುಹೂವಿನಲ್ಲಿ ಗುಂಡ್ಲುಪೇಟೆಯ ಹೊಲಗಳ ಪಾಲು ದೊಡ್ಡದು. ಲಾರಿಗಳು ಕಲ್ಪೆಟ್ಟದ ಮೇಲೆಯೇ ಘಟ್ಟ ಇಳಿಯುತ್ತವೆ. ಕೇರಳದಲ್ಲಿ ಓಣಂ ಸಪ್ಪೆಯಾದರೆ ಗುಂಡ್ಲುಪೇಟೆಯ ರೈತನಿಗೂ ಅದು ತಟ್ಟುತ್ತದೆ.

ಹಾಗೆ ಸಪ್ಪೆಯಾದ ವರ್ಷಗಳಿವೆ. 2018ರಲ್ಲಿ ಪ್ರವಾಹದಿಂದ ಸರ್ಕಾರಿ ಓಣಂ ಆಚರಣೆ ನಿಂತಿತು. 2024ರ ಜುಲೈ 30ರ ನಸುಕಿನಲ್ಲಿ ಕಲ್ಪೆಟ್ಟಕ್ಕೆ ಹತ್ತಿರದ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು 250ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ತೋಟದ ಕೆಲಸಗಾರರೂ ಅವರ ಮನೆಯವರೂ ಇದ್ದರು. ಕೊಡಗಿನಲ್ಲಿ ಲೈನ್ ಮನೆ ಎನ್ನುವುದನ್ನು ಇಲ್ಲಿ 'ಪಾಡಿ' ಎನ್ನುತ್ತಾರೆ. ಅಂಥ ಪಾಡಿಗಳೂ ಕೊಚ್ಚಿಹೋದವು. ಆ ವರ್ಷ ಸೆಪ್ಟೆಂಬರ್ 15ರ ತಿರುವೋಣಂಗೆ ರಾಜ್ಯ ಸರ್ಕಾರದ ಓಣಂ ವಾರಾಚರಣೆ ರದ್ದಾಯಿತು. ಅಕ್ಟೋಬರ್ 31ರ ದೀಪಾವಳಿ ಹೊತ್ತಿಗೆ ಬದುಕುಳಿದ ಕುಟುಂಬಗಳು ಕಲ್ಪೆಟ್ಟ, ಮೇಪ್ಪಾಡಿ ಸುತ್ತಿನ ಬಾಡಿಗೆ ಮನೆಗಳಲ್ಲಿದ್ದವು. ಅವರ ಪುನರ್ವಸತಿ ಟೌನ್‌ಶಿಪ್‌ಗೆ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟ್ ಜಾಗದಲ್ಲಿ 2025ರ ಮಾರ್ಚ್ 27ರಂದು ಅಡಿಗಲ್ಲು ಬಿತ್ತು.

ಇನ್ನು 2026ರ ಪಂಚಾಂಗ. ಯುಗಾದಿ ಮಾರ್ಚ್ 19ಕ್ಕೆ, ವಿಷು ಏಪ್ರಿಲ್ 15ಕ್ಕೆ. ನರಕ ಚತುರ್ದಶಿ ನವೆಂಬರ್ 8, ಭಾನುವಾರ. ಕೇರಳದ ಒಂದೇ ಒಂದು ದೀಪಾವಳಿ ರಜೆ ಹೀಗೆ ವಾರದ ರಜೆಯಲ್ಲೇ ಮುಳುಗುತ್ತದೆ. ಬಲಿಪಾಡ್ಯಮಿ 10ರ ಮಂಗಳವಾರ. ಊರಿಗೆ ಹೋಗುವವರು 7ರ ಶನಿವಾರ ಸಂಜೆ ಒಂಬತ್ತಕ್ಕೆ ಮೊದಲು ಮೂಲೆಹೊಳೆ ದಾಟುವ ಬಸ್ಸು ನೋಡಿಕೊಂಡು, ಸೋಮವಾರ, ಮಂಗಳವಾರಕ್ಕೆ ರಜೆ ಬರೆದು ಕೊಡಬೇಕಾಗುತ್ತದೆ.